ಒಂದು ಮೋಟಾರು ಕಾರು ಮತ್ತು ಒಂದು ಉದ್ಗಾರ

ನಮ್ಮ ಶಾಲೆಯ ಗಂಡುಮಕ್ಕಳ ನೋಟುಪುಸ್ತಕಗಳ ಹೊದಿಕೆಯನ್ನು ಯಾರಾದರೂ ಪಾಲಕರು ಒಮ್ಮೆ ಗಮನಿಸಿ ನೋಡಬೇಕು. ಹೆಸರು, ಇಯತ್ತೆ, ವಿಷಯ ಬರೆಯಲೆಂದು ಅಂಟಿಸಿದ ಚೀಟಿ ಸಣ್ಣದಾಗಿ ಒಂದು ಮೂಲೆಯಲ್ಲಿರುತ್ತದೆ. ಮಿಕ್ಕ ಜಾಗವನ್ನೆಲ್ಲ ಮೋಟಾರು ಕಾರೊಂದು ಆಕ್ರಮಿಸಿರುತ್ತದೆ. ಅದು ನಮ್ಮ ಬೀದಿಯಲ್ಲಿ ಓಡಾಡುವ ಕಾರಲ್ಲ. ನೆಲಕ್ಕೆ ಅಂಟಿಕೊಂಡಂತಿರುವ, ಈಟಿಯ ಮೊನೆಯಂತೆ ಚೂಪಾದ ಮೂತಿಯ, ಬಾಗಿಲುಗಳನ್ನು ಹಕ್ಕಿಯ ರೆಕ್ಕೆಯ ಹಾಗೆ ಮೇಲಕ್ಕೆತ್ತಿ ನಿಂತ ಪರದೇಶದ ಕಾರು. ಹುಡುಗರು ಅದಕ್ಕೆ ‘ಲ್ಯಾಂಬೋ’ ಎನ್ನುತ್ತಾರೆ, ಸೋದರಮಾವನ ಹೆಸರು ಹೇಳಿದಷ್ಟು ಸಲೀಸಾಗಿ.

ಇದನ್ನು ನಾವು ಹಿರಿಯರು ಹುಚ್ಚು ಎಂದು ಕರೆಯುವುದುಂಟು. ನಾನೂ ಹಾಗೆಯೇ ಕರೆದಿದ್ದೆ. ಕಳೆದ ವರ್ಷ ನಡೆದ ಒಂದು ಸಣ್ಣ ಸಂಗತಿಯಿಂದ ನನ್ನ ಅಭಿಪ್ರಾಯ ಬದಲಾಯಿತು. ಅದನ್ನು ಈ ವಾರ್ಷಿಕ ಸಂಚಿಕೆಯಲ್ಲಿ ವಿದ್ಯಾರ್ಥಿಗಳ ಮತ್ತು ಪಾಲಕರ ಮುಂದಿಡಬೇಕೆಂದು ಈ ಲೇಖನ.

೯ನೆಯ ಇಯತ್ತೆಗೆ ‘ನಾನು ಮೆಚ್ಚಿದ ವಸ್ತು’ ಎಂಬ ವಿಷಯದ ಮೇಲೆ ಪ್ರಬಂಧ ಬರೆಯಲು ಕೊಟ್ಟಿದ್ದೆ. ಹೆಚ್ಚಿನವರು ತಾಯಿ ಕೊಡಿಸಿದ ಪೆನ್ನು, ತಂದೆಯ ಸೈಕಲ್ಲು, ಊರಿನಲ್ಲಿರುವ ಅಜ್ಜಿಯ ಬೀಸುವ ಕಲ್ಲು ಎಂದೆಲ್ಲ ಬರೆದರು. (ಬೀಸುವ ಕಲ್ಲಿನ ಮೇಲೆ ಬರೆದವಳ ಮನೆಯಲ್ಲಿ ಬೀಸುವ ಕಲ್ಲೇ ಇಲ್ಲವೆಂದು ಆಮೇಲೆ ಗೊತ್ತಾಯಿತು. ಗೈಡಿನ ಮಹಿಮೆ!) ಒಬ್ಬ ಹುಡುಗ ಮಾತ್ರ ಆ ಕಾರಿನ ಮೇಲೆ ಬರೆದಿದ್ದ. ಪುಟದ ನಡುವೆ ಅದರ ಚಿತ್ರವನ್ನೂ ಅಂಟಿಸಿದ್ದ. ಪ್ರಬಂಧದ ಕೊನೆಯ ವಾಕ್ಯ ಹೀಗಿತ್ತು: ‘ಅದನ್ನ ನೋಡಿದ್ರ ಯಪ್ಪಾ ಅನಸ್ತೈತಿ.’ ಅಭ್ಯಾಸಬಲದಿಂದ ನನ್ನ ಕೆಂಪು ಪೆನ್ನು ಆ ‘ಯಪ್ಪಾ’ದ ಕೆಳಗೆ ಗೆರೆ ಎಳೆಯಿತು. ಪಕ್ಕದಲ್ಲಿ ಬರೆದೆ: ‘ಗ್ರಂಥಸ್ಥ ಭಾಷೆಯಲ್ಲಿ ಬರೆ. ಅದನ್ನು ನೋಡಿದರೆ ಆಶ್ಚರ್ಯವೆನಿಸುತ್ತದೆ.’ ಎರಡು ಅಂಕ ಕಳೆದೆ.

ಅದೇ ವಾರ ಪಾಲಕರ ಸಭೆ. ಹುಡುಗನ ತಂದೆ ಬಂದರು. ಬಾಗಲಕೋಟೆ ಕಡೆಯವರು. ವಾಸ್ಕೋದಲ್ಲಿ ಗೇಟು, ಕಿಟಕಿ ಗ್ರಿಲ್ಲು ಮಾಡುವ ವೆಲ್ಡಿಂಗ್ ಅಂಗಡಿಯಲ್ಲಿ ಅವರಿಗೆ ಕೆಲಸ. “ಅಕ್ಕೋರ, ಇವನ ತಲ್ಯಾಗಿನ ಈ ಕಾರಿನ ಹುಚ್ಚ ಒಂದೀಟ ಬಿಡಸ್ರಿ. ನಾವು ದುಡದ ತಿನ್ನೋ ಮಂದಿ. ಅದರ ಒಂದ ಗಾಲಿ ತಗೊಳ್ಳಾಕ ನನ್ನ ಜಲ್ಮ ಸಾಲೂದಿಲ್ಲ” ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, ದನಿ ತಗ್ಗಿಸಿ ಇನ್ನೊಂದು ಮಾತು ಕೇಳಿದರು: “ಇವನ್ನ ಇಂಗ್ಲಿಷ್ ಸಾಲಿಗೆ ಹಾಕಿದ್ರ ಹೆಂಗ್ರಿ? ಕನ್ನಡ ಕಲ್ತು ಇಲ್ಲಿ ಏನ ಮಾಡ್ತಾನ?”

ಎರಡನೆಯ ಪ್ರಶ್ನೆ ನನಗೆ ಹೊಸದಲ್ಲ. ಗೋವೆಯಲ್ಲಿ ಕನ್ನಡ ಕಲಿಸುವವರೆಲ್ಲ ಅದನ್ನು ವರ್ಷಕ್ಕೆ ಹತ್ತು ಸಲವಾದರೂ ಕೇಳಿರುತ್ತಾರೆ. ನಾನೇ ಎರಡು ಭಾಷೆಗಳ ನಡುವೆ ಓದಿ ಬೆಳೆದವಳು. ಬೆಳಗಾವಿ ಜಿಲ್ಲೆಯಲ್ಲಿ ೭ನೆಯ ಇಯತ್ತೆಯವರೆಗೆ ಕನ್ನಡ, ಮುಂದೆ ಇಂಗ್ಲಿಷ್. ಆದ್ದರಿಂದ ಇಂಗ್ಲಿಷನ್ನು ತೆಗಳಿ ಮಾತನಾಡುವ ಹಕ್ಕು ನನಗಿಲ್ಲ. ಆದರೆ ಆ ದಿನ ನನ್ನನ್ನು ಕಾಡಿದ್ದು ಮೊದಲನೆಯ ಪ್ರಶ್ನೆ. ಎಂದೂ ಕೊಳ್ಳಲಾಗದ, ಬಹುಶಃ ಎಂದೂ ಮುಟ್ಟಿಯೂ ನೋಡಲಾಗದ ವಸ್ತುವೊಂದು ತಲೆಮಾರಿನಿಂದ ತಲೆಮಾರಿಗೆ ಹುಡುಗರ ಮನಸ್ಸನ್ನು ಹೀಗೇಕೆ ಹಿಡಿದು ನಿಲ್ಲಿಸುತ್ತದೆ? ಏಕೆಂದರೆ ಅದೇ ಕಾರಿನ ಚಿತ್ರಪಟ ನನ್ನ ಅಣ್ಣನ ಕೋಣೆಯಲ್ಲೂ ಇತ್ತು. ಜಾತ್ರೆಯಲ್ಲಿ ಕೊಂಡುತಂದು, ಸಿದ್ಧಾರೂಢರ ಕ್ಯಾಲೆಂಡರಿನ ಪಕ್ಕದಲ್ಲಿ ಅಂಟಿಸಿದ್ದ. ಅವನಿಗೆ ಈಗ ಐವತ್ತು ದಾಟಿದೆ. ಕಾರು ಮಾತ್ರ ಮುಪ್ಪಾಗಿಲ್ಲ.

ಆ ಕಾರಿನ ಕಥೆಯನ್ನು ಓದಲು ಕುಳಿತೆ. ಓದಿದಂತೆಲ್ಲ ಬೆರಗಾಯಿತು.

ಅದನ್ನು ಮಾಡಿದ ಕಂಪನಿಯ ಮೂಲಪುರುಷ ಫೆರುಚ್ಚೊ ಲಂಬೋರ್ಗಿನಿ ಒಬ್ಬ ರೈತನ ಮಗ. ಹುಟ್ಟಿದ್ದು ೧೯೧೬ರ ಏಪ್ರಿಲ್ ೨೮ರಂದು, ಇಟಲಿಯ ರೆನಾಜ್ಜೊ ಎಂಬ ಹಳ್ಳಿಯಲ್ಲಿ. ಹೊಲದ ಕೆಲಸಕ್ಕಿಂತ ಯಂತ್ರಗಳ ಮೇಲೆ ಮನಸ್ಸು. ಎರಡನೆಯ ಮಹಾಯುದ್ಧದಲ್ಲಿ ರೋಡ್ಸ್ ದ್ವೀಪದಲ್ಲಿ ಸೈನ್ಯದ ವಾಹನಗಳ ರಿಪೇರಿ ಕೆಲಸ; ಕೊನೆಗೆ ಬ್ರಿಟಿಷರ ಕೈಸೆರೆ. ಬಿಡುಗಡೆಯಾಗಿ ಊರಿಗೆ ಮರಳಿದಾಗ ಆ ಸೀಮೆಯ ರೈತರಿಗೆ ಟ್ರ್ಯಾಕ್ಟರು ಬೇಕಾಗಿತ್ತು, ಕೊಳ್ಳಲು ಹಣವಿರಲಿಲ್ಲ. ಯುದ್ಧ ಮುಗಿದು ಬಿದ್ದಿದ್ದ ಸೈನ್ಯದ ವಾಹನಗಳ ಇಂಜಿನು, ಬಿಡಿಭಾಗಗಳನ್ನು ಕೂಡಿಸಿ ಈತ ಟ್ರ್ಯಾಕ್ಟರು ಮಾಡಿದ. ದುಬಾರಿ ಪೆಟ್ರೋಲಿನಿಂದ ಚಾಲೂ ಮಾಡಿ ಅಗ್ಗದ ಇಂಧನಕ್ಕೆ ಬದಲಾಯಿಸುವ ವ್ಯವಸ್ಥೆಯನ್ನೂ ಅದರಲ್ಲಿ ಅಳವಡಿಸಿದ. ೧೯೪೮ರಲ್ಲಿ ಟ್ರ್ಯಾಕ್ಟರ್ ಕಂಪನಿಯೇ ಆಯಿತು. ಲಂಬೋರ್ಗಿನಿ ಎಂಬ ಹೆಸರು ಮೊದಲು ಓಡಿದ್ದು ಡಾಂಬರಿನ ಮೇಲಲ್ಲ, ಉತ್ತ ಮಣ್ಣಿನ ಮೇಲೆ.

ಆತ ಕಾರಿಗೆ ಕೈಹಾಕಿದ್ದರ ಬಗ್ಗೆ ಎಲ್ಲರೂ ಹೇಳುವ ಕಥೆಯೊಂದಿದೆ. ಶ್ರೀಮಂತನಾದ ಮೇಲೆ ಫೆರಾರಿ ಕಾರು ಕೊಂಡನಂತೆ; ಅದರ ಕ್ಲಚ್ಚು ಮೇಲಿಂದ ಮೇಲೆ ಕೆಡುತ್ತಿತ್ತಂತೆ; ದೂರು ಒಯ್ದರೆ, ಟ್ರ್ಯಾಕ್ಟರು ಓಡಿಸುವವನಿಗೆ ಕಾರಿನ ವಿಷಯವೇನು ಗೊತ್ತು ಎಂಬರ್ಥದ ಉತ್ತರ ಬಂತಂತೆ. ಕಥೆ ಎಷ್ಟು ನಿಜವೋ, ಎಷ್ಟು ಬಣ್ಣವೋ. ೧೯೬೩ರಲ್ಲಿ ಸಾಂತ್ ಅಗಾತಾ ಎಂಬ ಊರಿನಲ್ಲಿ ಆತ ಕಾರಿನ ಕಾರ್ಖಾನೆ ತೆರೆದದ್ದಂತೂ ನಿಜ. ಲಾಂಛನವಾಗಿ ಗೂಳಿಯನ್ನು ಆರಿಸಿಕೊಂಡ, ಏಕೆಂದರೆ ತನ್ನದು ವೃಷಭ ರಾಶಿ! ಪಾಶ್ಚಾತ್ಯರು ಪಂಚಾಂಗ ನೋಡುವುದಿಲ್ಲವೆಂದು ಯಾರು ಹೇಳಿದರು? ೧೯೬೬ರಲ್ಲಿ ಬಂದ ಆತನ ಪ್ರಸಿದ್ಧ ಕಾರು ‘ಮ್ಯೂರಾ’ದ ಹೆಸರು ಸ್ಪೇನಿನಲ್ಲಿ ಕಾಳಗದ ಗೂಳಿಗಳನ್ನು ಸಾಕುವ ಮನೆತನದ್ದು. ಮುಂದಿನ ಹೆಚ್ಚಿನ ಕಾರುಗಳಿಗೂ ಗೂಳಿಗಳ ಹೆಸರೇ. ಕಾರಹುಣ್ಣಿಮೆಯಲ್ಲಿ ಎತ್ತಿನ ಕೋಡಿಗೆ ಬಣ್ಣ ಹಚ್ಚುವ ನಮ್ಮ ಸೀಮೆಯ ಮಕ್ಕಳಿಗೂ, ಧಿರಿಯೊ ಎಂಬ ಗೂಳಿಕಾಳಗದ ಕಥೆ ಕೇಳಿ ಬೆಳೆಯುವ ಗೋವೆಯ ಮಕ್ಕಳಿಗೂ ಆ ಲಾಂಛನ ಪರದೇಶದ್ದೆನಿಸದಿದ್ದರೆ ಆಶ್ಚರ್ಯವಿಲ್ಲ.

ಆದರೆ ನಮ್ಮ ಹುಡುಗನ ನೋಟುಪುಸ್ತಕದಲ್ಲಿದ್ದ ಕಾರು ಮ್ಯೂರಾ ಅಲ್ಲ. ಅದರ ಮುಂದಿನದು. ಅದರ ಹೆಸರೇ ಈ ಲೇಖನದ ಮುಖ್ಯ ವಿಷಯ.

೧೯೭೧ರಲ್ಲಿ ಜಿನೀವಾದ ಮೋಟಾರು ಪ್ರದರ್ಶನದಲ್ಲಿ ಹಳದಿ ಬಣ್ಣದ ಒಂದು ಮಾದರಿ ಕಾರನ್ನು ಈ ಕಂಪನಿ ನಿಲ್ಲಿಸಿತು. ಅದರ ಆಕಾರವನ್ನು ರೂಪಿಸಿದವರು ತುರಿನ್ ನಗರದ ಮಾರ್ಚೆಲ್ಲೊ ಗಾಂದಿನಿ, ಸಂಗೀತ ಮೇಳದ ನಿರ್ದೇಶಕರೊಬ್ಬರ ಮಗ. ಅಲ್ಲಿಯವರೆಗೆ ಚಂದದ ಕಾರೆಂದರೆ ಉಬ್ಬುತಗ್ಗುಗಳ, ನುಣುಪಾದ ಬಾಗುಗಳ ಕಾರು. ಮ್ಯೂರಾ ಹಾಗೆಯೇ ಇತ್ತು, ಅದನ್ನು ರೂಪಿಸಿದವರೂ ಇವರೇ. ಐದು ವರ್ಷಗಳಲ್ಲಿ ತಮ್ಮ ಕೈಯ ಬಾಗುಗಳನ್ನೆಲ್ಲ ತಾವೇ ಅಳಿಸಿ, ಬರೀ ನೇರ ಗೆರೆಗಳಿಂದ, ಬೆಣೆಯಂಥ ಒಂದು ಆಕಾರವನ್ನು ತಂದಿಟ್ಟರು. ನೆಲದಿಂದ ಮಾಡಿನವರೆಗೆ ಎತ್ತರ ೧೦೭ ಸೆಂಟಿಮೀಟರು ಮಾತ್ರ. ನಮ್ಮ ತರಗತಿಯ ಹುಡುಗರ ಎದೆಯ ಮಟ್ಟಕ್ಕೂ ಬಾರದು.

ಇನ್ನು ಹೆಸರು. ಗಾಂದಿನಿಯವರೇ ಹೇಳಿದ ಪ್ರಕಾರ, ಆ ಮಾದರಿಯನ್ನು ಕಟ್ಟುತ್ತಿದ್ದಾಗ ಕಾರ್ಖಾನೆಗಳಲ್ಲಿ ಕಾರ್ಮಿಕರ ಚಳವಳಿ ನಡೆದಿತ್ತು. ಅದಕ್ಕಾಗಿ ತುರಿನ್ ಸಮೀಪದ ತೋಟವೊಂದರ ಕೊಟ್ಟಿಗೆಯಲ್ಲಿ ಕಾರನ್ನು ಅಡಗಿಸಿಟ್ಟು ರಾತ್ರಿ ಹೊತ್ತು ಕೆಲಸ ಮಾಡುತ್ತಿದ್ದರು. ದಣಿವು ಮರೆಯಲು ನಗೆಮಾತು ನಡೆಯುತ್ತಿತ್ತು. ಬೀಗ, ಕೀಲುಗಳ ಕೆಲಸ ಮಾಡುವ ಒಬ್ಬ ಆಳು ಅಲ್ಲಿದ್ದ. ಎರಡು ಮೀಟರು ಎತ್ತರ, ದೊಡ್ಡ ದೊಡ್ಡ ಕೈಗಳು. ಸೂಕ್ಷ್ಮ ಕೆಲಸವನ್ನೆಲ್ಲ ಆ ಕೈಗಳೇ ಮಾಡುತ್ತಿದ್ದವು. ಅವನಿಗೆ ನೆಟ್ಟಗೆ ಇಟಾಲಿಯನ್ ಭಾಷೆಯೇ ಬಾರದು. ಆಡುತ್ತಿದ್ದುದು ಆ ಸೀಮೆಯ ಪಿಯೆಮೊಂತ್ ನುಡಿ. ಮಾತುಮಾತಿಗೂ ಅವನ ಬಾಯಲ್ಲಿ ಬರುತ್ತಿದ್ದ ಉದ್ಗಾರವೊಂದಿತ್ತು: ‘ಕುಂತಾಚ್!’ ಮಾತಿನ ಅರ್ಥ ಹುಡುಕಹೊರಟರೆ ಪಿಡುಗು, ಸಾಂಕ್ರಾಮಿಕ ರೋಗ. ಆಡುವಾಗಿನ ಭಾವ ಮಾತ್ರ ಬೆರಗು, ಮೆಚ್ಚುಗೆ. ನಮ್ಮ ಕಡೆಯ ಮುದುಕಿಯರು ಮೊಮ್ಮಗ ಚೆನ್ನಾಗಿ ಹಾಡಿದರೆ “ನಿನ್ನ ಹೆಣಾ ಎತ್ಲಿ, ಎಷ್ಟ ಚಂದ ಹಾಡ್ತಿಯೋ” ಎಂದು ಗಲ್ಲ ಸವರುವುದಿಲ್ಲವೇ? ಅಂಥ ಮಾತು. ಗಾಂದಿನಿ ತಮಾಷೆಗೆಂದು, ಕಾರಿಗೆ ಇದೇ ಹೆಸರಿಟ್ಟರೆ ಹೇಗೆ ಎಂದರು. ಅದೇ ಉಳಿಯಿತು. ನಮ್ಮ ಹುಡುಗರು ಅದನ್ನು ಇಂಗ್ಲಿಷಿನ ಸ್ಪೆಲ್ಲಿಂಗ್ ನೋಡಿ ‘ಕೌಂಟಾಚ್’ ಎಂದು ಓದುತ್ತಾರೆ.

ಇದನ್ನು ಓದಿ ನಾನು ಪುಸ್ತಕ ಮುಚ್ಚಿಟ್ಟೆ. ‘ಅದನ್ನ ನೋಡಿದ್ರ ಯಪ್ಪಾ ಅನಸ್ತೈತಿ’ ಎಂದು ಬರೆದ ಹುಡುಗ, ತನಗೆ ಅರಿವಿಲ್ಲದೆಯೇ, ಆ ಕಾರಿನ ಹೆಸರನ್ನು ಕನ್ನಡಕ್ಕೆ ತಂದಿದ್ದ. ನಾನು ಅದಕ್ಕೆ ಎರಡು ಅಂಕ ಕಳೆದಿದ್ದೆ.

ಗ್ರಂಥಸ್ಥ ಭಾಷೆಯನ್ನು ಕಲಿಸಬೇಕು, ನಿಜ. ಅದು ನನ್ನ ವೃತ್ತಿ. ಪರೀಕ್ಷೆಯಲ್ಲಿ ಅದೇ ಬೇಕು. ಆದರೆ ‘ಆಶ್ಚರ್ಯವೆನಿಸುತ್ತದೆ’ ಎಂಬ ಮಾತು ‘ಯಪ್ಪಾ’ದ ಜಾಗದಲ್ಲಿ ಕೂತರೆ ಆಶ್ಚರ್ಯವೇ ಸತ್ತುಹೋಗುತ್ತದೆ. ಇಟಲಿಯ ಆ ಕಂಪನಿಯಲ್ಲಿ ನನ್ನಂಥ ಪಂಡಿತರೊಬ್ಬರು ಕೆಂಪು ಪೆನ್ನು ಹಿಡಿದು ಕೂತಿದ್ದರೆ ಕಾರಿಗೆ ಯಾವುದೋ ದೇವತೆಯ ಹೆಸರೋ, ನಾಲ್ಕು ಅಂಕಿಗಳೋ ಬೀಳುತ್ತಿದ್ದವು. ಆಳಿನ ಬಾಯಿಂದ ಬಂದದ್ದನ್ನು ಅವರು ತಿದ್ದಲಿಲ್ಲ. ಅದಕ್ಕೇ ೫೦ ವರ್ಷ ಕಳೆದರೂ ಆ ಹೆಸರಿನಲ್ಲಿ ಇನ್ನೂ ಬಿಸಿಯಿದೆ.

ಇಲ್ಲಿ ಯಾರಾದರೂ ಕೇಳಬಹುದು: ಹೆಸರು ಹಾಗಿರಲಿ, ಕಾರು ಚೆನ್ನಾಗಿದೆಯೋ? ಪ್ರಾಮಾಣಿಕವಾಗಿ ಹೇಳುವುದಾದರೆ, ಓಡಿಸುವವರಿಗೆ ಅದು ಸುಖದ ಕಾರಲ್ಲ. ಒಳಗೆ ಸೆಕೆ, ಕಿಟಕಿಯ ಗಾಜು ಸ್ವಲ್ಪವೇ ತೆರೆಯುತ್ತದೆ, ಕ್ಲಚ್ಚು ಕಲ್ಲಿನಂತೆ ಬಿಗಿ. ಹಿಂದಿನದು ಬಹಳ ಕಾಣುವುದಿಲ್ಲ. ಹಿಮ್ಮುಖವಾಗಿ ಓಡಿಸುವಾಗ ಬಾಗಿಲನ್ನು ಮೇಲೆತ್ತಿ, ಹೊಸ್ತಿಲ ಮೇಲೆ ಕೂತು, ತಲೆ ಹೊರಗೆ ಹಾಕಿ ನೋಡುವುದು ವಾಡಿಕೆ. ಕತ್ತರಿಯಂತೆ ತೆರೆಯುವ ಆ ಬಾಗಿಲು ಬರೀ ಒಯ್ಯಾರವಲ್ಲ. ಇಷ್ಟು ಅಗಲದ ಕಾರಿನ ಬಾಗಿಲು ಪಕ್ಕಕ್ಕೆ ತೆರೆದರೆ ಇಕ್ಕಟ್ಟಾದ ಜಾಗದಲ್ಲಿ ಇಳಿಯುವುದೇ ಕಷ್ಟ. ಮೊದಲ ಕಾರುಗಳ ಅಲ್ಯುಮಿನಿಯಂ ತಗಡನ್ನು ಕಾರ್ಖಾನೆಯಲ್ಲಿ ಕೈಯಿಂದಲೇ ಬಡಿದು ಆಕಾರಕ್ಕೆ ತರುತ್ತಿದ್ದರು. ೧೨ ಸಿಲಿಂಡರಿನ ಇಂಜಿನು, ೩೭೫ ಅಶ್ವಶಕ್ತಿ. ೧೯೭೪ರಿಂದ ೧೯೯೦ರವರೆಗೆ ಒಟ್ಟು ತಯಾರಾದದ್ದು ಸುಮಾರು ೨,೦೦೦ ಕಾರುಗಳು. ಇಡೀ ಜಗತ್ತಿಗೆ ಅಷ್ಟೇ! ಅಂದರೆ ಅದನ್ನು ಕೊಂಡವರು ಬೆರಳೆಣಿಕೆ, ನೋಡಿ ಬೆಳೆದವರು ಕೋಟಿಗಟ್ಟಲೆ. ವೇಗದಿಂದಲೇ ಮೋಹ ಎನ್ನುವುದಾದರೆ ಇಂದಿನ ಕೆಲವು ವಿದ್ಯುತ್ ಕಾರುಗಳು ಸದ್ದಿಲ್ಲದೆ ಅದನ್ನು ಹಿಂದಕ್ಕೆ ಹಾಕುತ್ತವೆ. ಅವುಗಳ ಚಿತ್ರವನ್ನು ಯಾವ ಹುಡುಗನೂ ನೋಟುಪುಸ್ತಕಕ್ಕೆ ಅಂಟಿಸಿದ್ದನ್ನು ನಾನು ಕಂಡಿಲ್ಲ.

ಹಣದ ಮಾತಿಗೆ ಬಂದರೆ, ಲಂಬೋರ್ಗಿನಿಯವರನ್ನೇ ಆ ಕಾರ್ಖಾನೆ ಬಹಳ ದಿನ ಸಾಕಲಿಲ್ಲ. ದಕ್ಷಿಣ ಅಮೆರಿಕದಿಂದ ಬಂದಿದ್ದ ದೊಡ್ಡ ಟ್ರ್ಯಾಕ್ಟರ್ ಆರ್ಡರು ರದ್ದಾಗಿ ನಷ್ಟವಾಯಿತು; ೧೯೭೪ರ ಹೊತ್ತಿಗೆ ಕಾರಿನ ಕಂಪನಿಯೂ ಟ್ರ್ಯಾಕ್ಟರಿನ ಕಂಪನಿಯೂ ಬೇರೆಯವರ ಪಾಲಾಗಿದ್ದವು. ಆತ ದ್ರಾಕ್ಷಿತೋಟ ಮಾಡಿಕೊಂಡು ೧೯೯೩ರವರೆಗೆ ಬದುಕಿದ. ರೈತನ ಮಗ ಮತ್ತೆ ಮಣ್ಣಿಗೇ ಹೋದ. ಕಂಪನಿ ೧೯೭೮ರಲ್ಲಿ ದಿವಾಳಿಯಾಗಿ, ಹಲವು ಕೈ ದಾಟಿ, ೧೯೯೮ರಿಂದ ಜರ್ಮನಿಯ ಔಡಿಯವರಲ್ಲಿದೆ. ಅವರು ೨೦೨೧ರಲ್ಲಿ ಅದೇ ಹೆಸರಿನ ಹೊಸ ಕಾರು ತಂದರು, ೧೧೨ ಮಾತ್ರ. ಆಗ ೮೩ ವರ್ಷದ ಗಾಂದಿನಿ, ಅದರಲ್ಲಿ ತಮ್ಮ ಪಾಲು ಏನೂ ಇಲ್ಲ, ಹಳೆಯದನ್ನು ಮತ್ತೆ ಮಾಡುವುದು ತಮ್ಮ ಸ್ವಭಾವಕ್ಕೇ ವಿರುದ್ಧ ಎಂದು ಬಹಿರಂಗವಾಗಿ ತಿಳಿಸಿದರು. ೨೦೨೪ರ ಮಾರ್ಚಿನಲ್ಲಿ ಅವರು ತೀರಿಕೊಂಡರು. ನನಗೆ ಆ ಮುದುಕರ ಹಟ ಬಹಳ ಹಿಡಿಸಿತು.

ಪರದೇಶದ ಕಾರು ಎಂದಾಗ ಗೋವೆಯ ಒಂದು ವಿಶೇಷವನ್ನು ಹೇಳದಿರಲಾರೆ. ೧೯೬೧ರ ಡಿಸೆಂಬರ್ ೧೯ರಂದು ವಿಮೋಚನೆಯಾಗುವವರೆಗೆ ಇಲ್ಲಿ ಪೋರ್ಚುಗೀಸರ ಆಳ್ವಿಕೆ. ಐವತ್ತರ ದಶಕದಲ್ಲಿ ಕಬ್ಬಿಣದ ಅದಿರಿನ ವ್ಯಾಪಾರ ಬೆಳೆಯಿತು. ಮುರಗಾಂವ ಬಂದರಿನ ಮೂಲಕ ಯುರೋಪಿನ ಸಾಮಾನು ಧಾರಾಳವಾಗಿ ಬರುತ್ತಿತ್ತು, ಕಾರುಗಳೂ ಬಂದವು. ಹೀಗಾಗಿ ಉಳಿದ ಭಾರತವೆಲ್ಲ ಅಂಬಾಸಡರ್, ಫಿಯೆಟ್‌ಗಳಲ್ಲಿ ಓಡಾಡುತ್ತಿದ್ದಾಗ ಇಲ್ಲಿ ಮರ್ಸಿಡಿಸ್ ಕಾರುಗಳು ಟ್ಯಾಕ್ಸಿಗಳಾಗಿದ್ದವು! ನನ್ನ ತಂದೆ ಎಪ್ಪತ್ತರ ದಶಕದಲ್ಲಿ ಲೋಂಡಾದಿಂದ ಮೀಟರ್ ಗೇಜ್ ರೈಲಿನಲ್ಲಿ ದೂಧಸಾಗರದ ಘಟ್ಟ ಇಳಿದು ವಾಸ್ಕೋಗೆ ದುಡಿಯಲು ಬಂದವರು. ಜೀವನದಲ್ಲಿ ಮೊದಲು ಹತ್ತಿದ ಮೋಟಾರು ಕಾರೇ ಮರ್ಸಿಡಿಸ್ ಎಂದು ಅವರು ಕೊನೆಯವರೆಗೂ ಹೆಮ್ಮೆಯಿಂದ ಹೇಳುತ್ತಿದ್ದರು. ಒಳಗೆ ಎಂಟು ಜನ, ಕಾಲ ಬಳಿ ಯಾರದೋ ಮೀನಿನ ಬುಟ್ಟಿ. “ದೊಡ್ಡ ಸಾಹೇಬರ ಕಾರನ್ಯಾಗ ಬಂಗಡಿ ಮೀನಿನ ಜೋಡಿ ಬಂದ್ವಿ” ಎನ್ನುತ್ತಿದ್ದರು. ಆ ೧೮೦ ಡಿ ಎಂಬ ಡೀಸೆಲ್ ಕಾರಿನ ಶಕ್ತಿ ಸುಮಾರು ೪೦ ಅಶ್ವಶಕ್ತಿ, ಅಂದರೆ ಹುಡುಗನ ಕುಂತಾಚಿನ ಒಂಬತ್ತರಲ್ಲಿ ಒಂದು ಪಾಲು. ಏರಿನಲ್ಲಿ ತೇಕುತ್ತಿತ್ತು, ಆದರೆ ಕೆಡುತ್ತಿರಲಿಲ್ಲ. ಗೋವೆಯ ಮೇಸ್ತ್ರಿಗಳು ಬಿಡಿಭಾಗ ಸಿಗದಿದ್ದರೆ ತಾವೇ ಕಡೆದು ಕೂಡಿಸಿ ದಶಕಗಟ್ಟಲೆ ಓಡಿಸಿದರು. ಅಂಥ ಕಾಲದ ಕಾರುಗಳನ್ನು ನೋಡಬೇಕೆನ್ನುವವರು ಮಡಗಾಂವ ಸಮೀಪದ ನುವೆಂನಲ್ಲಿರುವ ಹಳೆಯ ಕಾರುಗಳ ಸಂಗ್ರಹವನ್ನೂ, ಊರಿಗೆ ಹೋದಾಗ ಧರ್ಮಸ್ಥಳದ ಕಾರು ಸಂಗ್ರಹಾಲಯವನ್ನೂ ನೋಡಬಹುದು. ಮಕ್ಕಳನ್ನು ಕರೆದೊಯ್ಯಿರಿ. ಮಾಲಿನಲ್ಲಿ ಕಳೆಯುವ ದಿನಕ್ಕಿಂತ ಅದು ಲೇಸೆಂದು ನನ್ನ ಅಭಿಪ್ರಾಯ.

ಪಾಲಕರ ಭಯ ನನಗೆ ಅರ್ಥವಾಗುತ್ತದೆ. ಕೈಗೆಟುಕದ್ದನ್ನು ಬಯಸಿದ ಮಗ ಮನೆಯದನ್ನು ಕೀಳೆಂದುಕೊಂಡಾನು, ಸಾಲ ಮಾಡಿಯಾನು, ಅಡ್ಡದಾರಿ ಹಿಡಿದಾನು ಎಂಬ ಭಯ. ಕಂತಿನ ಮೇಲೆ ಮೋಟಾರು ಸೈಕಲ್ಲು ಕೊಂಡು ಶಾಲೆ ಬಿಟ್ಟವರನ್ನು ನಾನೂ ನೋಡಿದ್ದೇನೆ. ಆದರೆ ಕೊಳ್ಳುವ ಆಸೆ ಬೇರೆ, ನೋಡುವ ಆಸೆ ಬೇರೆ. ಹುಡುಗನ ಪ್ರಬಂಧವನ್ನು ಎರಡನೆಯ ಸಲ ಓದಿದಾಗ ಗಮನಿಸಿದೆ: ಅದರಲ್ಲಿ ‘ನಾನು ಅದನ್ನು ಕೊಳ್ಳುತ್ತೇನೆ’ ಎಂಬ ಮಾತೇ ಇರಲಿಲ್ಲ. ಬಾಗಿಲು ಹೇಗೆ ತೆರೆಯುತ್ತದೆ, ಇಂಜಿನು ಹಿಂದೆ ಏಕಿದೆ, ಗಾಳಿ ಒಳಗೆ ಹೋಗಲು ಎಲ್ಲಿ ಸೀಳಿದ್ದಾರೆ, ಇವೇ ಇದ್ದವು. ಹಂಪಿಯ ಕಲ್ಲಿನ ರಥವನ್ನು ನಿಂತು ನೋಡುವವನು ಅದನ್ನು ಮನೆಗೆ ಒಯ್ಯಬೇಕೆಂದು ನೋಡುವನೇ?

ಮುಂದಿನ ಪಾಲಕರ ಸಭೆಗೆ ಆ ತಂದೆ ಮತ್ತೆ ಬಂದರು. ಪ್ರಬಂಧದ ವಹಿಯನ್ನು ಅವರ ಮುಂದೆ ತೆರೆದೆ. ‘ಯಪ್ಪಾ’ದ ಕೆಳಗಿನ ಕೆಂಪು ಗೆರೆಯನ್ನು ಆಗಲೇ ಹೊಡೆದುಹಾಕಿ, ಎರಡು ಅಂಕ ಹಿಂದಿರುಗಿಸಿ ಸಹಿ ಮಾಡಿದ್ದೆ. ಟ್ರ್ಯಾಕ್ಟರಿನ ಕಥೆ ಹೇಳಿದೆ. ಬೀಗ ಮಾಡುವ ಆಳಿನ ಕಥೆಯನ್ನೂ, ಅವನ ಮಾತೇ ಕಾರಿನ ಹೆಸರಾದದ್ದನ್ನೂ ಹೇಳಿದೆ. ಇಂಗ್ಲಿಷ್ ಶಾಲೆಯ ಪ್ರಶ್ನೆಗೆ, ಹತ್ತನೆಯದು ಮುಗಿಯಲಿ, ಇಂಗ್ಲಿಷನ್ನು ಸಂಜೆ ನಾನೇ ಹೇಳಿಕೊಡುತ್ತೇನೆ ಎಂದಷ್ಟೇ ಅಂದೆ. ಅವರು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಅವರ ಕಣ್ಣು ಚಿತ್ರದ ಮೇಲಿತ್ತು. ವೆಲ್ಡಿಂಗಿನ ಕಿಡಿ ತಾಗಿ ಕಲೆಯಾದ ಬೆರಳನ್ನು ಆ ಮೇಲೆದ್ದ ಬಾಗಿಲಿನ ಬುಡಕ್ಕೆ ಇಟ್ಟು ಮಗನನ್ನು ಕೇಳಿದರು:

“ಯಪ್ಪಾ, ಇಷ್ಟ ಭಾರದ ಬಾಗಲಾ ಮ್ಯಾಲ ಹೆಂಗ ನಿಲ್ತೈತೋ? ಬಿಜಾಗರಿ ಎಲ್ಲಿ ಕೂಡಿಸ್ಯಾರ?”

“ಮುಂದ ಒಂದ ಕಡೀಗಿ ಕೂಡಿಸ್ಯಾರ, ಅಪ್ಪಾ. ಗಾಳಿ ತುಂಬಿದ ದಂಡ ಐತಿ, ಅದು ಎತ್ತಿ ಹಿಡೀತೈತಿ” ಎಂದ ಹುಡುಗ.

“ಒಂದ ಕಡೀಗಿ ಅಂದ್ರ ತಿರುಚತೈತಲೋ. ತಗಡ ಎಷ್ಟ ದಪ್ಪ?”

ಅವರ ಹಿಂದೆ ಇನ್ನೂ ಆರು ಜನ ಪಾಲಕರು ಸಾಲಿನಲ್ಲಿದ್ದರು. ತಂದೆ, ಮಗ ಇಬ್ಬರೂ ವಹಿಯನ್ನು ಹಿಡಿದುಕೊಂಡೇ ಕಿಟಕಿಯ ಕಡೆ ಸರಿದು ನಿಂತರು.